ಪದ ಬೇಕಿದೆ: ಕುದುರೆ ತಳಿಗಳ ರಕ್ತದ ಪ್ರೋಟೀನುಗಳಲ್ಲಿ ಹುಟ್ಟಿನಿಂದ ಬರುವ ಭೇದಕ್ಕೆ ಏನನ್ನೋಣ?

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಶುಕ್ರವಾರ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ.

ಕುದುರೆಗಳ ಕುರಿತ ಒಂದು ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹನ್ನೊಂದು ಮುಗಿದವು, ಹನ್ನೆರಡನೆಯದರಲ್ಲಿ ಸಿಕ್ಕಿಕೊಂಡೆ. ಅದರಲ್ಲಿ ಒಂದು ಚಿತ್ರ ಇದೆ. ಮಸುಕು ಬಿಳಿ ಹಿನ್ನೆಲೆ, ಅದರ ಮೇಲೆ ಮೂರು ಸಾಲು, ಸಾಲಿನಲ್ಲಿ ಕಡು ನೀಲಿ ಗೆರೆಗಳು. ಎಡಗಡೆ ತಾಯಿ, ಬಲಗಡೆ ತಂದೆ, ನಡುವೆ ಮರಿ. ತಾಯಿಯ ಸಾಲಿನಲ್ಲಿ ಮೇಲೆ ಒಂದೇ ಗೆರೆ. ತಂದೆಯ ಸಾಲಿನಲ್ಲಿ ಸ್ವಲ್ಪ ಕೆಳಗೆ ಒಂದೇ ಗೆರೆ. ಮರಿಯ ಸಾಲಿನಲ್ಲಿ ಎರಡೂ ಇವೆ, ಒಂದು ತಾಯಿಯದಕ್ಕೆ ಸರಿಸಾಟಿ, ಇನ್ನೊಂದು ತಂದೆಯದಕ್ಕೆ. ಇದು ಆಲ್ಬುಮಿನ್ ಎಂಬ ಪ್ರೋಟೀನ್. ಕುದುರೆಗಳಲ್ಲಿ ಅದರ ಎ ಮತ್ತು ಬಿ ಎಂಬ ಎರಡು ರೂಪಗಳು ಸಾಮಾನ್ಯ. ಹೀಗೆ ಒಂದೇ ಪ್ರೋಟೀನ್ ಬೇರೆ ಬೇರೆ ಕುದುರೆಯಲ್ಲಿ ಬೇರೆ ಬೇರೆ ರೂಪದಲ್ಲಿರುವುದು, ಅದು ತಂದೆತಾಯಿಯಿಂದ ಬರುವುದು, ತಳಿಯಿಂದ ತಳಿಗೆ ಅದರ ಪ್ರಮಾಣ ಬದಲಾಗುವುದು, ಇಷ್ಟನ್ನೂ ಹೊರುವ ಒಂದು ಹೆಸರು ಬೇಕು.

ನಾನು ಮೊದಲು 'ಕುದುರೆ ರಕ್ತದಲ್ಲಿ ತಳಿಭೇದ' ಎಂದು ಬರೆದೆ. ಕರಡು ಓದಿದವರು, 'ಅಂದ್ರೆ ಅರಬ್ಬೀ ಕುದುರೆಯ ರಕ್ತವೇ ಬೇರೆ, ಶೆಟ್ಲೆಂಡ್ ಕುದುರೆಯ ರಕ್ತವೇ ಬೇರೆ ಅಂತಾನಾ?' ಎಂದರು. ಖಂಡಿತ ಅಲ್ಲ. ತಳಿವಿಜ್ಞಾನದ ತಳಿಯೂ ಕುದುರೆ ತಳಿಯ ತಳಿಯೂ ಒಂದೇ ಪದದಲ್ಲಿ ಬಂದು ಅರ್ಥ ಕೆಟ್ಟಿತು.

ಒಳಗಿನ ಸಾಲಿನಲ್ಲಿ 'ಕುದುರೆಯ ಜೀನಿನಲ್ಲಿ ಬರೆದಿರುವ ವ್ಯತ್ಯಾಸ' ಎಂದು ಹಾಕಿದ್ದೆ. ಅದನ್ನು ಕೇಳಿದವರು, 'ಜೀನಿನ ಮೇಲೆ ಏನು ಬರೆದಿರುತ್ತಾರೆ?' ಎಂದರು. ಅವರಿಗೆ ಕಂಡದ್ದು ಸವಾರ ಕೂರುವ ಜೀನು! ಅದನ್ನು ಆಗಲೇ ವಂಶವಾಹಿ ಮಾಡಿದೆ.

ತಲೆಬರಹಕ್ಕೆ ಒಂದೇ ಸಾಲು ಜಾಗ, ಹೆಚ್ಚೆಂದರೆ ಇಪ್ಪತ್ತು ಅಕ್ಷರ. ಓದುವವರು ಶಾಲೆಯ ಮಕ್ಕಳು. ದಯವಿಟ್ಟು ಬೇಗ ಹೇಳಿ.

ಕರಡು ತಿದ್ದುವವರು:

ಬಹುರೂಪತೆ. ಪಠ್ಯಗಳಲ್ಲಿ ಇರುವುದು ಇದೇ. ಹಾಕಿ ಮುಂದೆ ಹೋಗಿ.

ಹಳೆ ಮೇಷ್ಟ್ರು:

ತಳಿಭೇದ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ತಳಿವಿಜ್ಞಾನವೂ ಅರಿಸಮಾಸ. ಬಿರುದಾವಳಿಗೆ ಕೊಟ್ಟ ವಿನಾಯಿತಿಯನ್ನು ವಿಜ್ಞಾನಕ್ಕೆ ಯಾರೂ ಕೊಟ್ಟಿಲ್ಲ. ಆ ಪದವನ್ನು ನೀವು ಬಿಟ್ಟದ್ದು ಒಳ್ಳೆಯದೇ ಆಯಿತಮ್ಮಾ.

ಪ್ರೋಟೀನ್ ಎಂದು ಯಾಕೆ ಬರೆಯಬೇಕು? ನಾವು ಓದುವಾಗ ಸಸಾರಜನಕ ಎಂದಿತ್ತು. ಸಾರಜನಕ ಉಳ್ಳದ್ದು ಸಸಾರಜನಕ. ಪದ ಬಿಡಿಸಿದರೆ ಅರ್ಥ ತಾನೇ ಹೊರಗೆ ಬರುತ್ತದೆ. ಮಕ್ಕಳಿಗೆ ಕಲಿಸುವ ಫಲಕದಲ್ಲಿ ಇಂಥ ಪದ ಇರಬೇಕು.

ಇನ್ನು ಕುದುರೆ ಎಂಬ ಪದದ ಬಗ್ಗೆ ಫಲಕದಲ್ಲಿ ಒಂದು ಸಾಲು ಸೇರಿಸಿದರೆ ಚೆನ್ನ. ತಮಿಳಿನಲ್ಲಿ ಕುದಿರೈ. ಅಲ್ಲಿ ಕುದಿ ಎಂದರೆ ಜಿಗಿಯುವುದು. ಜಿಗಿಯುವ ಪ್ರಾಣಿ ಕುದುರೆ ಆಯಿತು ಎಂದು ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ. ನಮ್ಮಲ್ಲಿ ಕುದಿ ನೀರಿಗೆ ಮೀಸಲಾಯಿತು, ಆದರೆ ಕುದಿಯುವ ನೀರೂ ಜಿಗಿಯುತ್ತದೆ, ಅಲ್ವಾ?

ಅಚ್ಚಗನ್ನಡಿಗ:

ಮೇಷ್ಟ್ರೇ, ಅರಿಸಮಾಸ ಬೇಡ ಎಂದವರು ಸಸಾರಜನಕ ಬೇಕು ಅಂತೀರಿ. ಅದರಲ್ಲಿ ಕನ್ನಡದ್ದು ಒಂದು ಅಕ್ಷರವಾದರೂ ಇದೆಯಾ?

ಬಹುರೂಪತೆ, ಪ್ರಭೇದ, ವೈವಿಧ್ಯ, ಎಲ್ಲ ಒಂದೇ ಅಂಗಡಿಯ ಸರಕು. ಕನ್ನಡದಲ್ಲೇ ಮಾಡಬಹುದು. ನೆತ್ತರು ನಮ್ಮದು. ತೆಲುಗಿನಲ್ಲಿ ನೆತ್ತುರು, ಹಳೆಯ ತಮಿಳಿನಲ್ಲಿ ನೆಯ್ತ್ತೋರ್. ಬಗೆ ನಮ್ಮದು, ತಮಿಳಿನ ವಗೈ ಅದರ ಒಡಹುಟ್ಟು. ಹುಟ್ಟಿನಿಂದ ಬಂದ ಬಗೆ ಹುಟ್ಟುಬಗೆ. ತಲೆಬರಹ ಹೀಗಿರಲಿ: 'ಕುದುರೆ ನೆತ್ತರಿನ ಹುಟ್ಟುಬಗೆಗಳು'.

ತಳಿ ಬಿಡುವ ಅಗತ್ಯವೂ ಇಲ್ಲ. ತಳಿ, ತಳಿರ್ ಒಂದೇ ಬೇರಿನವು ಎಂಬುದು ನನ್ನ ಎಣಿಕೆ. ಚಿಗುರಿ ಮುಂದುವರಿಯುವುದು ತಳಿ. ಬುಡಕಟ್ಟು, ಪೀಳಿಗೆ, ಚಿಗುರು ಮೂರನ್ನೂ ಅದು ಹೊರುತ್ತದೆ. ಇಂಥ ಪದ ಯಾವ ಭಾಷೆಯಲ್ಲಿದೆ ಹೇಳಿ.

ಕರಡು ತಿದ್ದುವವರು:

ತಳಿ ಅಂದರೆ ಚಿಮುಕಿಸು ಎಂಬ ಅರ್ಥವೂ ಇದೆ. ನೀರು ತಳಿದರು ಅಂತೀವಲ್ಲ. ಅದನ್ನು ಯಾವ ಬೇರಿಗೆ ಕಟ್ಟುತ್ತೀರಿ?

ಅಚ್ಚಗನ್ನಡಿಗ:

ಅದು ಬೇರೆ ಪದ.

ಪಶುವೈದ್ಯ:

ಈಗಷ್ಟೇ ನೋಡಿದೆ. ಮೇಡಂ, ಮೊದಲು ವಿಷಯ ಹೇಳಿಬಿಡುತ್ತೇನೆ. ವಿಷಯ ತಪ್ಪಿದರೆ ಎಂಥ ಪದ ಸಿಕ್ಕಿಯೂ ಉಪಯೋಗವಿಲ್ಲ.

ಬಹುರೂಪತೆ ಎಂದು ಪುಸ್ತಕದಲ್ಲಿದೆ ನಿಜ. ಆದರೆ ಕೇಳಿದವರ ಮನಸ್ಸಿಗೆ ಬರುವುದು ಬಹುರೂಪಿ. ಬಹುರೂಪಿ ಎಂದರೆ ಒಬ್ಬನೇ ಹೊತ್ತಿಗೊಂದು ವೇಷ ಹಾಕುವವನು. ಇಲ್ಲಿ ಹಾಗಲ್ಲ. ಆಲ್ಬುಮಿನ್ ಎ ಇಟ್ಟುಕೊಂಡು ಹುಟ್ಟಿದ ಕುದುರೆ ಸಾಯುವ ತನಕ ಎ ಕುದುರೆಯೇ. ಮೇವು ಬದಲಾದರೂ, ಕಾಯಿಲೆ ಬಂದರೂ, ವಯಸ್ಸಾದರೂ ಎ ಹೋಗಿ ಬಿ ಆಗುವುದಿಲ್ಲ. ಒಂದು ಕುದುರೆ ರೂಪ ಬದಲಿಸುವುದಿಲ್ಲ. ಕುದುರೆಗಳ ನಡುವೆ ರೂಪಗಳು ಹಂಚಿಹೋಗಿರುತ್ತವೆ. ಈ ಎರಡನ್ನು ಮಕ್ಕಳು ಅದಲು ಬದಲು ಮಾಡಿಕೊಳ್ಳಬಾರದು.

ಅದೇ ಕಾರಣಕ್ಕೆ ರೂಪಾಂತರವೂ ಬೇಡ. ಕೊರೋನ ಕಾಲದಲ್ಲಿ ಪತ್ರಿಕೆಗಳು ರೂಪಾಂತರಿ ಎಂದು ಬರೆದು ಬರೆದು, ಆ ಪದ ಕೇಳಿದರೆ ಈಗ ಜನಕ್ಕೆ ಹೊಸ ವೈರಸ್ಸೇ ನೆನಪಾಗುತ್ತದೆ. ವಿಕೃತಿ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದು ಪೂರ್ತಿ ತಪ್ಪು. ಎ ಸರಿ, ಬಿ ಕೆಟ್ಟದ್ದು ಎಂದಿಲ್ಲ. ಎರಡೂ ಆರೋಗ್ಯವಂತ ಕುದುರೆಗಳಲ್ಲೇ ಇವೆ, ಎರಡೂ ತಮ್ಮ ಕೆಲಸ ಮಾಡುತ್ತವೆ. ಪ್ರಭೇದ ಎಂಬುದು ಸಿಂಹ, ಹುಲಿಗಳಂಥ ಬೇರೆ ಬೇರೆ ಜೀವಿಗಳಿಗೆ ಆಗಲೇ ಮೀಸಲಾಗಿದೆ.

ಇನ್ನು ತಳಿಯ ವಿಚಾರ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ತಗೊಳ್ಳಿ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ಸಾಗಿಸುವುದು ಅದರ ಕೆಲಸ. ಕುದುರೆಗಳಲ್ಲಿ ಅದರ ರೂಪಗಳಿಗೆ ಡಿ, ಎಫ್, ಎಚ್, ಒ, ಆರ್ ಎಂದೆಲ್ಲ ಅಕ್ಷರ ಕೊಟ್ಟಿದ್ದಾರೆ. ರಕ್ತದ ಪ್ರೋಟೀನುಗಳನ್ನು ಒಂದು ಪದರದಲ್ಲಿಟ್ಟು ವಿದ್ಯುತ್ ಹರಿಸಿದಾಗ ಯಾವುದು ಮುಂದೆ ಓಡುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂಬುದರ ಮೇಲೆ ಈ ಅಕ್ಷರಗಳು. ಡಿ ಮುಂದೆ, ಆರ್ ಹಿಂದೆ. ಪ್ರತಿ ಕುದುರೆಗೂ ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡೂ ಬೇರೆ ಬೇರೆಯಾದರೆ ಎರಡೂ ಕಾಣುತ್ತವೆ. ಒಂದು ಇನ್ನೊಂದನ್ನು ಮುಚ್ಚುವುದಿಲ್ಲ.

ತಳಿಗಳ ನಡುವಿನ ಭೇದ ಇಲ್ಲಿ ಬರುತ್ತದೆ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ, ಇವು ನಾನೇ ಇಟ್ಟ ಅಂಕಿಗಳು. ಒಂದು ತಳಿಯ 100 ಕುದುರೆ ಅಂದರೆ ಆ ವಂಶವಾಹಿಯ 200 ಪ್ರತಿ. ಅದರಲ್ಲಿ ಡಿ 120 ಇರಬಹುದು. ಇನ್ನೊಂದು ತಳಿಯ 200 ಪ್ರತಿಗಳಲ್ಲಿ ಡಿ 30 ಇರಬಹುದು. ಡಿ ಎರಡರಲ್ಲೂ ಇದೆ, ಎಷ್ಟಿದೆ ಎಂಬುದು ಮಾತ್ರ ಬೇರೆ. ಆದ್ದರಿಂದ ಒಂದೇ ಕುದುರೆಯ ರಕ್ತ ನೋಡಿ, ಒಂದು ಗೆರೆ ಹಿಡಿದು, 'ಇದು ಅರಬ್ಬೀ' ಎಂದು ಹೇಳಲು ಬರುವುದಿಲ್ಲ. ಹಲವು ಪ್ರೋಟೀನುಗಳನ್ನು ಹಲವು ಕುದುರೆಗಳಲ್ಲಿ ಎಣಿಸಿದರೆ ಯಾವ ತಳಿ ಯಾವುದಕ್ಕೆ ಹತ್ತಿರ ಎಂದು ಹೇಳಬಹುದು. 'ತಳಿಭೇದ' ಓದಿದವರಿಗೆ ಆದ ಗೊಂದಲ ಸಣ್ಣದಲ್ಲ ಮೇಡಂ. ಈ ಫಲಕದ ಜೀವವೇ ಅಲ್ಲಿದೆ.

ಅನುವಾದಕಿ:

ಡಾಕ್ಟ್ರೇ, ತುಂಬಾ ಉಪಕಾರ ಆಯಿತು. ಆದರೆ ಆ ಪ್ರಮಾಣ ತಳಿಯಿಂದ ತಳಿಗೆ ಬದಲಾದದ್ದು ಯಾಕೆ? ಮೂಲದಲ್ಲಿ ಒಂದು ಸಾಲು ಇದೆ, ನನಗೆ ಪೂರ್ತಿ ಹಿಡಿಯಲಿಲ್ಲ.

ಪಶುವೈದ್ಯ:

ಬಾಗಿಲು ಮುಚ್ಚಿದ್ದರಿಂದ. ಕೆಲವೇ ಕುದುರೆಗಳಿಂದ ತಳಿ ಶುರುವಾಗುತ್ತದೆ. ಆಮೇಲೆ ಹೊರಗಿನ ಕುದುರೆ ಸೇರಿಸುವುದಿಲ್ಲ. ಮೊದಲಿದ್ದವುಗಳಲ್ಲಿ ಯಾವ ರೂಪ ಜಾಸ್ತಿ ಇತ್ತೋ ಅದೇ ಮುಂದೆಯೂ ಜಾಸ್ತಿ. ಕೆಲವು ರೂಪಗಳು ಬರೀ ಆಕಸ್ಮಿಕವಾಗಿ ಕಳೆದುಹೋಗುತ್ತವೆ. ಥರೋಬ್ರೆಡ್ ಎಂಬ ಓಟದ ಕುದುರೆಗಳ ವಂಶಾವಳಿ ಪುಸ್ತಕ ಇಂಗ್ಲೆಂಡಿನಲ್ಲಿ ಮೊದಲು ಹೊರಬಂದದ್ದು 1791ರಲ್ಲಿ. ಈಗಿರುವ ಥರೋಬ್ರೆಡ್‌ಗಳ ಗಂಡು ಸಾಲನ್ನು ಹಿಡಿದು ಹಿಂದೆ ಹೋದರೆ ಮೂರೇ ಗಂಡು ಕುದುರೆ ಸಿಗುತ್ತವೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಐಸ್‌ಲೆಂಡಿನ ಕುದುರೆಗಳದು ಇನ್ನೊಂದು ಬಗೆ. ಅದು ದ್ವೀಪ. ಶತಮಾನಗಳಿಂದ ಹೊರಗಿನ ಕುದುರೆ ಅಲ್ಲಿಗೆ ಕಾಲಿಟ್ಟಿಲ್ಲ.

ಕರಡು ತಿದ್ದುವವರು:

ಒಪ್ಪಿದೆ, ಬಹುರೂಪತೆ ವಾಪಸ್. ಹಾಗಾದರೆ 'ರಕ್ತಗತ ಭೇದ' ಹೇಗೆ? ಹುಟ್ಟಿನಿಂದ ಬಂದದ್ದಕ್ಕೆ ರಕ್ತಗತ ಎಂದು ನಾವೆಲ್ಲ ಹೇಳುತ್ತೇವೆ. ಇಲ್ಲಿ ಅದು ರಕ್ತದಲ್ಲೇ ಇದೆ. ಎರಡು ಅರ್ಥವೂ ಒಂದೇ ಪದದಲ್ಲಿ ಕೂಡಿಬರುತ್ತವೆ. ಎರಡೂ ತತ್ಸಮ, ಮೇಷ್ಟ್ರ ತಕರಾರೂ ಇರದು.

ಹಳೆ ಮೇಷ್ಟ್ರು:

ಸೊಗಸಾಗಿದೆ. ನನ್ನ ಒಪ್ಪಿಗೆ ಇದೆ.

ಪಶುವೈದ್ಯ:

ನನ್ನದು ಇಲ್ಲ. ಇದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಪದ.

ಗುಣಗಳು ರಕ್ತದ ಮೂಲಕ ಇಳಿದು ಬರುತ್ತವೆ ಎಂದು ಹಿಂದೆ ಜನ ನಂಬಿದ್ದರು. 'ಒಳ್ಳೆ ರಕ್ತದ ಕುದುರೆ' ಎಂಬ ಮಾತು ಬಂದದ್ದು ಅಲ್ಲಿಂದ. ಅದು ತಪ್ಪು. ವಂಶವಾಹಿ ಇರುವುದು ಜೀವಕೋಶಗಳಲ್ಲಿ. ಚರ್ಮದ ಕೋಶದಲ್ಲೂ ಇದೆ, ಯಕೃತ್ತಿನ ಕೋಶದಲ್ಲೂ ಇದೆ. ಆಲ್ಬುಮಿನ್, ಟ್ರಾನ್ಸ್‌ಫೆರಿನ್ ಎರಡೂ ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲಿ. ಅಲ್ಲಿಂದ ರಕ್ತಕ್ಕೆ ಬರುತ್ತವೆ. ನಾವು ರಕ್ತ ನೋಡುವುದು ಅದು ಸುಲಭವಾಗಿ ಸಿಗುತ್ತದೆ ಎಂದು, ಕತ್ತಿನ ರಕ್ತನಾಳಕ್ಕೆ ಸೂಜಿ ಚುಚ್ಚಿದರೆ ಸಾಕು. ರಕ್ತಗತ ಎಂದು ಫಲಕದಲ್ಲಿ ಬರೆದರೆ, ಹುಟ್ಟುಗುಣ ರಕ್ತದಲ್ಲೇ ಹರಿದು ಬರುತ್ತದೆ ಎಂಬ ಹಳೆ ನಂಬಿಕೆಗೆ ವಿಜ್ಞಾನವೇ ಮುದ್ರೆ ಒತ್ತಿದ ಹಾಗಾಗುತ್ತದೆ.

'ರಕ್ತದ ಗುಂಪು' ಎಂದೂ ಯಾರೂ ಸೂಚಿಸಬೇಡಿ. ಕುದುರೆಗಳಲ್ಲಿ ರಕ್ತದ ಗುಂಪುಗಳೂ ಇವೆ, ಆದರೆ ಅವು ಕೆಂಪು ರಕ್ತಕಣದ ಮೈಮೇಲಿನ ಗುರುತುಗಳು. ತಾಯಿಗೂ ಮರಿಗೂ ಆ ಗುಂಪು ಹೊಂದದಿದ್ದರೆ, ಗಿಣ್ಣದ ಹಾಲು ಕುಡಿದ ಮರಿಗೆ ಕಾಮಾಲೆ ಬಂದು ಸಾಯುವುದೂ ಉಂಟು. ಅದು ಬೇರೆ ಕಥೆ, ಬೇರೆ ಫಲಕ.

ಅಚ್ಚಗನ್ನಡಿಗ:

ಡಾಕ್ಟ್ರು ಇಷ್ಟೆಲ್ಲ ಹೇಳಿದರೂ ನನ್ನ 'ಹುಟ್ಟುಬಗೆ'ಯ ಮೇಲೆ ಒಂದು ತಪ್ಪೂ ಹೊರಿಸಲಿಲ್ಲ. ಗಮನಿಸಿ.

ಪಶುವೈದ್ಯ:

ಹುಟ್ಟುಬಗೆ ಕೆಟ್ಟದ್ದಲ್ಲ. ಆದರೆ ಮೊದಲ ಸಲ ಓದಿದವರಿಗೆ 'ಹುಟ್ಟಿದ ಬಗೆ', ಅಂದರೆ ಹೇಗೆ ಹುಟ್ಟಿತು ಎಂದೇ ಅನಿಸುತ್ತದೆ. ಕಾಲು ಮೊದಲು ಬಂತೋ ತಲೆ ಮೊದಲು ಬಂತೋ ಎಂಬ ಹಾಗೆ. ನೆತ್ತರು ಬೇಡ. ಯುದ್ಧದಲ್ಲಿ ನೆತ್ತರು ಹರಿಯುತ್ತದೆ, ಗಾಯದಿಂದ ನೆತ್ತರು ಸೋರುತ್ತದೆ. ಪರೀಕ್ಷೆಗೆ ಕೊಡುವುದು ರಕ್ತ. 'ನೆತ್ತರು ಪರೀಕ್ಷೆ ಮಾಡಿಸಿ' ಎಂದು ನಾನು ಯಾರಿಗೂ ಹೇಳಿಲ್ಲ, ನನಗೂ ಯಾರೂ ಹೇಳಿಲ್ಲ.

ಅಚ್ಚಗನ್ನಡಿಗ:

ನೀವು ಹೇಳದೆ ಇರುವುದರಿಂದಲೇ ಜನವೂ ಹೇಳುವುದಿಲ್ಲ. ಕನ್ನಡದ ಪದವನ್ನು ಗಾಯಕ್ಕೆ, ಜಗಳಕ್ಕೆ ಬಿಟ್ಟು, ಓದುಬರಹಕ್ಕೆ ಮಾತ್ರ ಸಂಸ್ಕೃತ ತಂದು ಕೂರಿಸಿದವರು ಯಾರು? ನೆತ್ತರು ಒರಟು, ರಕ್ತ ನಾಜೂಕು ಎಂಬ ಭಾವನೆ ಪದದೊಳಗೆ ಇಲ್ಲ, ನಮ್ಮ ಬಳಕೆಯಲ್ಲಿದೆ. ಬಳಕೆಯನ್ನು ಬದಲಿಸಬಹುದು. ನನ್ನ ಅಜ್ಜಿಗೆ ರಕ್ತ ಎಂಬ ಪದ ಬಾಯಿಗೆ ಬರುತ್ತಲೇ ಇರಲಿಲ್ಲ.

ಜೀನಿನ ಗೊಂದಲವನ್ನೇ ನೋಡಿ. ಹೊರಗಿನ ಎರಡು ಪದ ಬಂದು ಒಂದೇ ಕಡೆ ಕೂತವು. ಒಂದು ಪಾರ್ಸಿಯ ಜೀನು, ಇನ್ನೊಂದು ಇಂಗ್ಲಿಷಿನ ಜೀನ್. ಸಾಲ ತಂದರೆ ಹೀಗೇ ಆಗುವುದು. ಹಳಗನ್ನಡದ ಪಲ್ಲಣ, ಆಮೇಲಿನ ಹಲ್ಲಣ ಉಳಿಸಿಕೊಂಡಿದ್ದರೆ ಇದು ಬರುತ್ತಿತ್ತೇ?

ಹಳೆ ಮೇಷ್ಟ್ರು:

ಪಲ್ಲಣ ಪರ್ಯಾಣದ ತದ್ಭವ. ಅದೂ ಸಾಲವೇ.

ಅಚ್ಚಗನ್ನಡಿಗ:

ತಡಿ ಇದೆ.

ಹಳೆ ಮೇಷ್ಟ್ರು:

ತಡಿ ಎಂದರೆ ಬೆನ್ನಿನ ಮೇಲೆ ಹಾಸುವ ಮೆತ್ತೆ. ಕತ್ತೆಗೂ ಹಾಕುತ್ತಾರೆ. ಜೀನು ಬೇರೆ, ತಡಿ ಬೇರೆ.

ಕರಡು ತಿದ್ದುವವರು:

ಇಬ್ಬರೂ ಸ್ವಲ್ಪ ನಿಲ್ಲಿಸಿ. ಕುದುರೆ ಸವಾರಿಯ ಪದಗಳೆಲ್ಲ ಹೀಗೇ. ಜೀನು, ಲಗಾಮು, ಸವಾರ, ಎಲ್ಲ ಪಾರ್ಸಿ ಕಡೆಯಿಂದ ಬಂದವು. ಪಕ್ಕದಲ್ಲೇ ಕಡಿವಾಣ ನಮ್ಮದು. 'ನಾಲಿಗೆಗೆ ಲಗಾಮು ಇರಲಿ' ಅಂತೀವಿ, 'ಬೆಲೆಗೆ ಕಡಿವಾಣ' ಅಂತೀವಿ. ಎರಡೂ ಉಳಿದಿವೆ, ಎರಡಕ್ಕೂ ಕೆಲಸ ಇದೆ. ಭಾಷೆಗೆ ಇದರಿಂದ ನಷ್ಟ ಆಗಿಲ್ಲ.

ಮೇಷ್ಟ್ರೇ, ನಿಮಗೂ ಒಂದು ಮಾತು. 'ಹುಟ್ಟುಗುಣ ಸುಟ್ಟರೂ ಹೋಗದು'. ಹುಟ್ಟು ಕನ್ನಡ, ಗುಣ ಸಂಸ್ಕೃತ. ಶುದ್ಧ ಅರಿಸಮಾಸ. ಗಾದೆಯನ್ನು ತಿದ್ದುತ್ತೀರಾ?

ಹಳೆ ಮೇಷ್ಟ್ರು:

ಗಾದೆ ಜನರದು. ಪರಿಭಾಷೆ ಪಂಡಿತರದು. ಎರಡಕ್ಕೂ ಒಂದೇ ನಿಯಮ ಇಲ್ಲ.

ಅಚ್ಚಗನ್ನಡಿಗ:

ಇದೇ ನೋಡಿ ತೊಂದರೆ. ಪರಿಭಾಷೆಯೂ ಜನರದ್ದೇ ಆಗಬೇಕು.

ಪಶುವೈದ್ಯ:

ಸಸಾರಜನಕದ ಬಗ್ಗೆ ಮೇಷ್ಟ್ರಿಗೆ ಒಂದು ಉತ್ತರ ಬಾಕಿ ಇದೆ. ಸಾರಜನಕ ಇರುವುದು ಪ್ರೋಟೀನಿನಲ್ಲಿ ಮಾತ್ರ ಅಲ್ಲ. ಡಿಎನ್‌ಎಯಲ್ಲೂ ಇದೆ, ಯೂರಿಯಾದಲ್ಲೂ ಇದೆ. ಹಾಗಾಗಿ ಪದ ಬಿಡಿಸಿದರೆ ಅರ್ಥ ಬರುವುದು ನಿಜ, ಬರುವುದು ಅರ್ಧ ಅರ್ಥ. ಪ್ರೋಟೀನ್ ಎಂಬುದೂ ಗ್ರೀಕಿನಲ್ಲಿ 'ಮೊದಲನೆಯದು' ಎಂಬರ್ಥದ ಪದದಿಂದ 1838ರಲ್ಲಿ ಕಟ್ಟಿದ್ದು. ಸ್ವೀಡನ್ನಿನ ಬರ್ಜೀಲಿಯಸ್ ಸೂಚಿಸಿದ ಹೆಸರು. ಅದರಲ್ಲೂ ಪೂರ್ತಿ ಅರ್ಥ ಇಲ್ಲ. ಆದರೆ ಇವತ್ತು ಬೇಳೆಯ ಪೊಟ್ಟಣದ ಮೇಲೂ ಪ್ರೋಟೀನ್ ಎಂದೇ ಇರುತ್ತದೆ. ಮಕ್ಕಳಿಗೆ ಗೊತ್ತಿರುವ ಪದವನ್ನು ಕಿತ್ತು, ಗೊತ್ತಿಲ್ಲದ್ದನ್ನು ಕೊಟ್ಟು, ಆಮೇಲೆ ಬಿಡಿಸಿ ಹೇಳುವುದು ಯಾಕೆ?

ಹಳೆ ಮೇಷ್ಟ್ರು:

ಯೂರಿಯಾದ ಮಾತು ಸರಿ. ಸಸಾರಜನಕ ಬಿಟ್ಟೆ. ಬೇಸರದಿಂದಲೇ ಬಿಟ್ಟೆ, ಅದು ನಾನು ಬಾಯಿಪಾಠ ಮಾಡಿದ ಪದ.

ಈಗ ನನ್ನ ಕಡೆಯಿಂದ ಒಂದು ಸೂಚನೆ. ರಾತ್ರಿಯೆಲ್ಲ ಡಾಕ್ಟರ ಮಾತನ್ನೇ ಯೋಚಿಸುತ್ತಿದ್ದೆ: ಒಂದೇ ವಸ್ತು, ಬೇರೆ ಬೇರೆ ಕಡೆ ಬೇರೆ ಬೇರೆ ರೂಪ, ಯಾವುದೂ ಕೆಟ್ಟದ್ದಲ್ಲ, ಯಾವುದೂ ತಾನಾಗಿ ಬದಲಾಗುವುದಿಲ್ಲ, ಪ್ರತಿಯಿಂದ ಪ್ರತಿಗೆ ಇಳಿದು ಬರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ನಾವು ಅದನ್ನು ಪಾಠಭೇದ ಅಂತೀವಿ.

ಒಂದೇ ಪದ್ಯ. ಒಂದು ಓಲೆಪ್ರತಿಯಲ್ಲಿ 'ಪೊಸ' ಇರುತ್ತದೆ, ಇನ್ನೊಂದರಲ್ಲಿ ಅದೇ ಜಾಗದಲ್ಲಿ 'ಹೊಸ'. ಪದ್ಯದ ಅರ್ಥ ಕೆಡುವುದಿಲ್ಲ. ಓಲೆಯನ್ನು ಎಷ್ಟು ಸಲ ಬಿಚ್ಚಿ ನೋಡಿದರೂ ಅದರಲ್ಲಿರುವುದು ಅದೇ. ಆ ಓಲೆ ನೋಡಿ ಬರೆದ ಪ್ರತಿಗಳಲ್ಲೂ ಅದೇ ಇಳಿಯುತ್ತದೆ. ಒಂದು ಕಡೆಯ ಪ್ರತಿಗಳಲ್ಲಿ 'ಪೊಸ' ಜಾಸ್ತಿ, ಇನ್ನೊಂದು ಕಡೆ 'ಹೊಸ' ಜಾಸ್ತಿ. ಅದನ್ನು ಎಣಿಸಿಯೇ ಯಾವ ಪ್ರತಿ ಯಾವ ಕುಲದ್ದು ಎಂದು ಹೇಳುವುದು. ಒಂದು ಪಾಠ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ.

ಪಾಠಕ್ಕೆ ಪಾಠಭೇದ ಆದರೆ ರೂಪಕ್ಕೆ ರೂಪಭೇದ. ರೂಪ, ಭೇದ ಎರಡೂ ತತ್ಸಮ. ಸಮಾಸಕ್ಕೆ ಯಾವ ದೋಷವೂ ಇಲ್ಲ. ಹೊಸ ಪದವೂ ಅಲ್ಲ, ಮಕ್ಕಳಿಗೆ ಎರಡೂ ತುಂಡು ಗೊತ್ತು.

ಪಶುವೈದ್ಯ:

ಮೇಷ್ಟ್ರೇ, ಇದನ್ನು ಓದಿ ಎರಡು ನಿಮಿಷ ಸುಮ್ಮನೆ ಕೂತೆ. ಓಲೆಪ್ರತಿಯ ಹೋಲಿಕೆ ಪೂರ್ತಿ ಹೊಂದುತ್ತದೆ. ಒಂದೇ ವ್ಯತ್ಯಾಸ ಅಂದರೆ, ಪ್ರತಿ ಕುದುರೆಯ ಹತ್ತಿರವೂ ಆ ಪದ್ಯದ ಎರಡು ಪ್ರತಿ ಇರುತ್ತವೆ, ಮರಿಗೆ ಅದರಲ್ಲಿ ಒಂದನ್ನು ಮಾತ್ರ ಕೊಡುತ್ತದೆ.

ರೂಪಭೇದಕ್ಕೆ ನನ್ನ ಒಪ್ಪಿಗೆ. ಬಹುರೂಪಿಯ ವೇಷವೂ ಇಲ್ಲ, ರೂಪಾಂತರದ ಬದಲಾವಣೆಯೂ ಇಲ್ಲ, ವಿಕೃತಿಯ ಕಳಂಕವೂ ಇಲ್ಲ.

ಅಚ್ಚಗನ್ನಡಿಗ:

ನನ್ನ ಒಪ್ಪಿಗೆ ಇಲ್ಲ. ದಾಖಲಾಗಲಿ. 'ರೂಪು' ಎಂದಾದರೂ ಬರೆಯಿರಿ, ಅದು ಕನ್ನಡದ ನಾಲಿಗೆಗೆ ಒಗ್ಗಿದ್ದು.

ಹಳೆ ಮೇಷ್ಟ್ರು:

ರೂಪುಭೇದ ಆಗದು.

ಅನುವಾದಕಿ:

ರೂಪಭೇದ ತಗೊಂಡೆ. ಮೇಷ್ಟ್ರಿಗೆ, ಡಾಕ್ಟ್ರಿಗೆ ಕೈಮುಗಿದೆ. ಇನ್ನೆರಡು ಕಡೆ ತಡೆದಿದೆ, ಅದನ್ನೂ ದಾಟಿಸಿಬಿಡಿ.

ಒಂದು: ಆ ಗೆರೆಗಳು ಮೂಡಿದ ಪದರಕ್ಕೆ ಏನು ಹೇಳಲಿ? ಜೆಲ್ ಎಂದರೆ ಮಕ್ಕಳಿಗೆ ತಲೆಗೆ ಹಚ್ಚುವ ಜೆಲ್ಲೇ ಗೊತ್ತು. ಲೋಳೆ ಎಂದು ಬರೆಯಲು ಮನಸ್ಸಾಗುತ್ತಿಲ್ಲ.

ಎರಡು: ಕೊನೆಯ ಸಾಲಿನಲ್ಲಿ ಮೈಮೇಲೆ ಬಿಳಿ ಮಚ್ಚೆಗಳಿರುವ ಟೊಬಿಯಾನೊ ಕುದುರೆಯ ಚಿತ್ರ ಇದೆ. ಬಣ್ಣಕ್ಕೂ ಆಲ್ಬುಮಿನ್‌ಗೂ ಸಂಬಂಧ ಇದೆ ಎಂದಿದೆ. ಪಠ್ಯದಲ್ಲಿ ಅದಕ್ಕೆ ಸಹಲಗ್ನತೆ ಎಂದು ಕಂಡೆ. ಮಕ್ಕಳಿಗೆ ಅದು ಬಾಯಲ್ಲೂ ತಿರುಗದು.

ಪಶುವೈದ್ಯ:

ಮೊದಲನೆಯದಕ್ಕೆ ಗಂಜಿ ಎಂದು ಧೈರ್ಯವಾಗಿ ಬರೆಯಿರಿ. ಬಟ್ಟೆಗೆ ಹಾಕುವ ಗಂಜಿ ಗೊತ್ತಲ್ಲ, ಅದೇ ವಸ್ತು. 1955ರಲ್ಲಿ ಆಲಿವರ್ ಸ್ಮಿತೀಸ್ ಎಂಬ ವಿಜ್ಞಾನಿ ಈ ವಿಧಾನ ಕಂಡುಹಿಡಿದರು. ಚಿಕ್ಕವರಿದ್ದಾಗ ಅವರ ಅಮ್ಮ ಅಪ್ಪನ ಅಂಗಿಗೆ ಗಂಜಿ ಹಾಕುತ್ತಿದ್ದುದನ್ನು ನೋಡಿದ್ದರು. ಬಿಸಿ ಗಂಜಿ ಆರಿದ ಮೇಲೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ನೆನಪಿತ್ತು. ಆಲೂಗಡ್ಡೆಯ ಪಿಷ್ಟದಿಂದ ಅಂಥದೇ ಪದರ ಮಾಡಿ, ಅದರಲ್ಲಿ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಓಡಿಸಿದರು. ಅದುವರೆಗೆ ಒಂದೇ ಎಂದುಕೊಂಡಿದ್ದ ಗೆರೆ ಹಲವಾಗಿ ಬಿಡಿಸಿಕೊಂಡಿತು. ಮನುಷ್ಯರಲ್ಲಿ ನೋಡಿದ ಮೇಲೆ ದನ, ಕುದುರೆ, ಎಲ್ಲದರಲ್ಲೂ ನೋಡಿದರು. ಮುಂದೆ 2007ರಲ್ಲಿ ಬೇರೆ ಕೆಲಸಕ್ಕಾಗಿ ಅವರಿಗೆ ನೊಬೆಲ್ ಬಂತು.

ಈ ಗೆರೆಗಳಿಂದ ದೊಡ್ಡ ಉಪಯೋಗ ಆದದ್ದು ಮರಿಯ ತಂದೆತಾಯಿಯನ್ನು ತಾಳೆ ನೋಡಲು. ತಾಯಿ ಡಿ-ಎಫ್, ತಂದೆ ಎಚ್-ಆರ್ ಆದರೆ ಮರಿ ಡಿ-ಎಚ್, ಡಿ-ಆರ್, ಎಫ್-ಎಚ್, ಎಫ್-ಆರ್ ಇವುಗಳಲ್ಲಿ ಒಂದಾಗಬೇಕು. ಮರಿಯಲ್ಲಿ ಒ ಕಂಡರೆ ವಂಶಾವಳಿ ಪುಸ್ತಕದಲ್ಲಿ ಬರೆದದ್ದು ತಪ್ಪು. ತಾಳೆಯಾಯಿತು ಎಂದ ಮಾತ್ರಕ್ಕೆ 'ಇವನೇ ತಂದೆ' ಎಂದು ಅರ್ಥವಲ್ಲ, 'ಇವನು ಆಗಿರಬಹುದು' ಎಂದಷ್ಟೇ. ಈ ಸಾಲನ್ನು ದಯವಿಟ್ಟು ಬಿಡಬೇಡಿ. ಈಗ ಆ ಕೆಲಸಕ್ಕೆ ಡಿಎನ್‌ಎ ಪರೀಕ್ಷೆ ಬಂದಿದೆ. ಗಂಜಿಯ ಪದರ ಹಿಂದೆ ಸರಿಯಿತು.

ಎರಡನೆಯದಕ್ಕೆ ಪದವೇ ಬೇಡ. 'ಒಟ್ಟಿಗೆ ಸಾಗುತ್ತವೆ' ಎನ್ನಿ. ಟೊಬಿಯಾನೊ ಬಣ್ಣದ ವಂಶವಾಹಿ, ಆಲ್ಬುಮಿನ್ನಿನ ವಂಶವಾಹಿ, ವಿಟಮಿನ್ ಡಿ ಹೊರುವ ಇನ್ನೊಂದು ಪ್ರೋಟೀನಿನ ವಂಶವಾಹಿ, ಮೂರೂ ಕುದುರೆಯ 3ನೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇವೆ. ಹತ್ತಿರ ಇರುವವು ಮರಿಗೆ ಹೋಗುವಾಗಲೂ ಸಾಮಾನ್ಯವಾಗಿ ಜೊತೆಯಾಗಿಯೇ ಹೋಗುತ್ತವೆ. ಟೊಬಿಯಾನೊ ಕುದುರೆಯ ಹತ್ತಿರ ಆ ಬಣ್ಣದ ಪ್ರತಿ ಒಂದಿದೆಯೋ ಎರಡಿದೆಯೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಎರಡಿದ್ದರೆ ಅದರ ಮರಿಗಳೆಲ್ಲ ಟೊಬಿಯಾನೊ. ಸಾಕುವವರು ಅದಕ್ಕೆ ರಕ್ತದ ಪ್ರೋಟೀನ್ ನೋಡಿಸುತ್ತಿದ್ದರು. ಅದು ಗಟ್ಟಿ ಸಾಕ್ಷಿ ಅಲ್ಲ, ಒಳ್ಳೆಯ ಸುಳಿವು. ಆ ಬಣ್ಣಕ್ಕೆ ಕಾರಣ ವರ್ಣತಂತುವಿನ ಒಂದು ದೊಡ್ಡ ತುಂಡು ತಿರುವುಮುರುವಾಗಿ ಕೂತದ್ದು ಎಂದು 2007ರಲ್ಲಿ ಗೊತ್ತಾಯಿತು. ಆಮೇಲೆ ನೇರವಾಗಿ ಅದನ್ನೇ ಪರೀಕ್ಷೆ ಮಾಡಬಹುದಾಯಿತು.

ಅಚ್ಚಗನ್ನಡಿಗ:

ಗಂಜಿ, ತಾಳೆ, ಒಟ್ಟಿಗೆ ಸಾಗುವುದು, ಸುಳಿವು, ತಿರುವುಮುರುವು. ಡಾಕ್ಟ್ರು ಇಡೀ ವಿಜ್ಞಾನವನ್ನು ಕನ್ನಡದಲ್ಲೇ ಹೇಳಿದರು. ಬೇಡ ಎಂದದ್ದು ನೆತ್ತರು ಒಂದನ್ನೇ. ಯಾಕೆ?

ಪಶುವೈದ್ಯ:

ವರ್ಣತಂತು ಎಂದೂ ಹೇಳಿದ್ದೇನೆ. ಎಲ್ಲಿ ಯಾವುದು ಬಾಯಿಗೆ ಬರುತ್ತದೋ ಅದು. ನನಗೆ ಬೇರೆ ನಿಯಮ ಇಲ್ಲ.

ಅಚ್ಚಗನ್ನಡಿಗ:

ನನಗೆ ಇದೆ. ಬಾಯಿಗೆ ಬರುವಂತೆ ಮಾಡಬೇಕು ಎಂಬುದೇ ಅದು. ಇದನ್ನು ಬೇರೆ ಎಳೆಯಲ್ಲಿ ಮುಂದುವರಿಸುತ್ತೇನೆ.

ಅನುವಾದಕಿ:

ಅಣ್ಣಾ, ಖಂಡಿತ ಮುಂದುವರಿಸಿ, ನಾನೂ ಬರುತ್ತೇನೆ. ನಿಮ್ಮ ಮಾತಿನಿಂದಲೇ ನನ್ನ ಕರಡಿನಲ್ಲಿದ್ದ 'ಪ್ರಮಾಣಾನುಗುಣ', 'ಪೋಷಕ ನಿರ್ಧಾರ' ಎರಡನ್ನೂ ಹೊಡೆದುಹಾಕಿದೆ. ಅಚ್ಚಿಗೆ ಹೋಗುವ ಬರಹ ಇದು. ಒಮ್ಮೆ ಕಣ್ಣಾಡಿಸಿ:

'ರಕ್ತದ ಪ್ರೋಟೀನ್: ಹುಟ್ಟಿನಿಂದ ಬಂದ ರೂಪಭೇದ

ಗಂಜಿಯ ಪದರದ ಮೇಲೆ ಓಡಿದ ಈ ಗೆರೆಗಳು ಆಲ್ಬುಮಿನ್ ಎಂಬ ಪ್ರೋಟೀನಿನವು. ತಾಯಿಯಲ್ಲಿ ಎ ರೂಪ, ತಂದೆಯಲ್ಲಿ ಬಿ ರೂಪ. ಮರಿಗೆ ಇಬ್ಬರಿಂದಲೂ ಒಂದೊಂದು ಬಂದಿದೆ, ಅದಕ್ಕೇ ಎರಡು ಗೆರೆ. ಎ ಮೇಲಲ್ಲ, ಬಿ ಕೀಳಲ್ಲ. ಒಂದು ಕುದುರೆಯ ರೂಪ ಹುಟ್ಟಿನಿಂದ ಕೊನೆಯವರೆಗೆ ಒಂದೇ. ಇಂಥ ರೂಪಗಳು ಅನೇಕ ತಳಿಗಳಲ್ಲಿ ಇವೆ. ಯಾವ ತಳಿಯಲ್ಲಿ ಯಾವುದು ಎಷ್ಟು ಎಂಬುದು ಮಾತ್ರ ಬೇರೆ ಬೇರೆ. ಮರಿಯಲ್ಲಿ ತಂದೆಯಲ್ಲೂ ತಾಯಿಯಲ್ಲೂ ಇಲ್ಲದ ಗೆರೆ ಕಂಡರೆ, ಬರೆದಿಟ್ಟ ವಂಶಾವಳಿ ತಪ್ಪಿದೆ ಎಂದರ್ಥ.'

ಪಶುವೈದ್ಯ:

ಸರಿಯಾಗಿದೆ. 'ತಾಳೆಯಾದರೆ ಇವನೇ ಎಂದಲ್ಲ' ಎಂಬ ಸಾಲು ಬಿಟ್ಟುಹೋಗಿದೆ. ಜಾಗ ಇಲ್ಲದಿದ್ದರೆ 'ಎ ಮೇಲಲ್ಲ' ಎಂಬುದನ್ನು ತೆಗೆಯಬೇಡಿ, ಬೇರೆ ಎಲ್ಲಾದರೂ ಕತ್ತರಿಸಿ.

ಕರಡು ತಿದ್ದುವವರು:

'ಪದರದ ಮೇಲೆ' ಅಲ್ಲ, 'ಪದರದಲ್ಲಿ'. ಗೆರೆ ಒಳಗೆ ಓಡುವುದು. ಅಲ್ಲಿ ಒಂದು ಅಕ್ಷರ ಉಳಿಯಿತು.